ಹೊಳೆ ಬಾರದ ಮಳೆಗಾಲ

ಮೊನ್ನೆ ರವೀಂದ್ರನಗರದ ನಮ್ಮ ಮನೆಯ ಮುಂದೆ ಲಾರಿಯವನು ಇಟ್ಟಿಗೆ ಇಳಿಸಿ ಹೋದ. ಮಹಡಿಯ ಕೆಲಸ ಶುರುವಾಗಿದೆ. ಗಾರೆಯವನು ಬರುವ ಮೊದಲೇ ರಾಶಿಯ ಮೇಲೆ ನಾನೇ ನೀರು ಬಿಟ್ಟೆ. ಬಿಸಿಲಿಗೆ ಕಾದ ಇಟ್ಟಿಗೆ ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದಲ್ಲ... ಪೈಪು ಹಿಡಿದುಕೊಂಡೇ ನಿಂತುಬಿಟ್ಟೆ. ಭದ್ರಾವತಿಯ ಇಟ್ಟಿಗೆ ಸಾಬರು ನೆನಪಾದರು.

ನಾನು ಓದಿದವನಲ್ಲ. ಅಪ್ಪ ತೀರಿಕೊಂಡಾಗ ಸ್ಲೇಟು ಬಿಟ್ಟು ಎತ್ತಿನ ಹಗ್ಗ ಹಿಡಿದೆ. ಮೀಸೆ ಬಲಿಯುವ ಹೊತ್ತಿಗೆ ಸ್ವಂತ ಗಾಡಿ, ಸ್ವಂತ ಜೋಡಿ ಮಾಡಿಕೊಂಡಿದ್ದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಗ ಭದ್ರಾವತಿಯ ಜನ್ನಾಪುರದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರು ಒಬ್ಬರ ಹಿಂದೊಬ್ಬರು ಮನೆ ಕಟ್ಟುತ್ತಿದ್ದರು. ಆ ಗೋಡೆಗಳ ಇಟ್ಟಿಗೆ ಸುಟ್ಟವರು ಸಾಬರು, ಹೇರಿ ತಂದವನು ನಾನು.

ಅವರ ಭಟ್ಟಿ ಭದ್ರಾ ಹೊಳೆಯ ದಂಡೆಯಲ್ಲಿತ್ತು. ಪಕ್ಕದ ಗದ್ದೆ ಒಬ್ಬ ಲಿಂಗಾಯತ ಯಜಮಾನರದು. ಇಬ್ಬರ ನಡುವೆ ಅಪ್ಪಂದಿರ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಕುಯ್ಲು ಮುಗಿದ ಮೇಲೆ ಗದ್ದೆಯ ಹೊಳೆಬದಿಯ ಪಟ್ಟಿಯಲ್ಲಿ ಸಾಬರು ಇಟ್ಟಿಗೆಗೆ ಮಣ್ಣು ತೆಗೆಯುವುದು. ಮಳೆಗಾಲದಲ್ಲಿ ಹೊಳೆ ಉಕ್ಕಿ, ಘಟ್ಟದ ಮಣ್ಣು ತಂದು ಆ ಹೊಂಡ ತುಂಬುವುದು. ನೀರು ಇಳಿದ ಮೇಲೆ ಹೊಸ ಮೆಕ್ಕಲಿನಲ್ಲಿ ಯಜಮಾನರು ನಾಟಿ ಮಾಡುವುದು. ಗೊಬ್ಬರವೇ ಬೇಡ, ಹಾಗೆ ಏಳುತ್ತಿತ್ತು ಪೈರು. "ನಾನು ತೆಗೀತೀನಿ, ಹೊಳೆ ತುಂಬುತ್ತೆ, ನೀವು ಉಣ್ತೀರಿ" ಎಂದು ಸಾಬರು ಪ್ರತಿ ವರ್ಷ ಹೇಳುವರು, ಯಜಮಾನರು ತಲೆಯಾಡಿಸುವರು. ಕರಾರೆಂದರೆ ಅಷ್ಟೇ.

ಅತ್ತ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ನಾವೂ ಹೋಗಿ ನೋಡಿ ಬಂದಿದ್ದೆವು. ಅಷ್ಟೆತ್ತರದ ಗೋಡೆ ಕಂಡು ಸಾಬರಿಗೆ ತಮ್ಮದೇ ಕೆಲಸ ಎನ್ನುವಷ್ಟು ಹಿಗ್ಗು. ಅದಕ್ಕೂ ತಮ್ಮ ಹೊಂಡಕ್ಕೂ ಸಂಬಂಧವಿದೆಯೆಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ನೀರು ನಾಲೆಗೆ ಹೋಗುತ್ತದೆ ಎಂದಷ್ಟೇ ಗೊತ್ತಿತ್ತು. ನೀರಿನ ಜೊತೆ ಬರುತ್ತಿದ್ದ ಮಣ್ಣು ಎಲ್ಲಿ ಉಳಿಯುತ್ತದೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಆ ಬೇಸಿಗೆ ಇಟ್ಟಿಗೆಗೆ ಬೇಡಿಕೆಯೋ ಬೇಡಿಕೆ. ಸಾಬರು ಎಂದಿಗಿಂತ ಆಳ, ಎಂದಿಗಿಂತ ಅಗಲ ತೆಗೆದರು.

ಮಳೆ ಬಂತು. ಹೊಳೆ ಬರಲಿಲ್ಲ. ದಂಡೆಯ ಕೆಳಗೇ ತಿಳಿಯಾಗಿ, ತನ್ನ ಪಾಡಿಗೆ ತಾನು ಹರಿಯುತ್ತಿತ್ತು... ಹೊಂಡದಲ್ಲಿ ಮಳೆನೀರು ನಿಂತು ಕಪ್ಪೆ ಕೂಗಿದವು. ಸಾಬರು ಬೆಳಗಿನ ನಮಾಜು ಮುಗಿಸಿ ದಂಡೆಗೆ ಬಂದು ನಿಲ್ಲುತ್ತಿದ್ದರು, ತಡವಾದ ರೈಲಿಗೆ ಕಾಯುವವರ ಹಾಗೆ. ನಾಟಿಯ ಹದ ಕಳೆದೇ ಹೋಯಿತು.

ಯಜಮಾನರು ಬೈಯಲಿಲ್ಲ. "ಹೋಗ್ಲಿ ಬಿಡಿ ಸಾಬ್ರೇ, ಒಂದು ಪಟ್ಟಿ ಹೋದ್ರೆ ನಾವೇನು ಉಪವಾಸ ಬೀಳ್ತೀವಾ?" ಎಂದರು. ಬೈದಿದ್ದರೇ ವಾಸಿಯಿತ್ತು, ಆ ಮಾತು ಸಾಬರಿಗೆ ಚುಚ್ಚಿತು.

"ತುಂಬುತ್ತೆ ಅಂತ ಜಬಾನ್ ಕೊಟ್ಟವನು ನಾನು, ಹೊಳೆ ಅಲ್ಲ. ಮುಂದಿನ ನಾಟಿಗೆ ನಿಮ್ಮ ಗದ್ದೆ ನಿಮಗೆ ಕೊಡ್ತೀನಿ" ಎಂದುಬಿಟ್ಟರು.

ಮಳೆ ನಿಂತ ಮೇಲೆ ನನ್ನನ್ನು ಕರೆಸಿದರು. ಕಾರ್ಖಾನೆಯ ಹಿಂದೆ ಕಿಟ್ಟದ ಗುಡ್ಡವಿತ್ತು. ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಲ್ಲಿನಂಥ ಕಸ. ಅದಿರು ಅಗೆದು ಅಗೆದು ಕೆಮ್ಮಣ್ಣುಗುಂಡಿಯ ಮೇಲೆ ಒಂದು ಗುಡ್ಡ ಸವೆಯುತ್ತಿತ್ತು, ಇಲ್ಲಿ ಕೆಳಗೆ ಇನ್ನೊಂದು ಬೆಳೆಯುತ್ತಿತ್ತು. ಬೇಕಾದವರು ಹೇರಿಕೊಂಡು ಹೋಗಬಹುದಿತ್ತು. ನಾವು ಹೇರಿದೆವು. ಸಾಬರು ಗಾಡಿಯ ಜೊತೆಗೇ ನಡೆಯುವರು, ಏರು ಬಂದಲ್ಲಿ ಹಿಂದಿನಿಂದ ಹೆಗಲು ಕೊಡುವರು.

ದಾರಿಯ ಚಹಾದಂಗಡಿಯವನು ಕೂಗಿದ: "ಏನ್ ಸಾಬ್ರೇ, ಹೊಳೆ ಕೆಲಸ ನೀವೇ ವಹಿಸ್ಕೊಂಡ್ರಾ?"

"ಅದನ್ನ ಲಕ್ಕವಳ್ಳೀಲಿ ಹಿಡಿದು ಕೂರಿಸಿದಾರಲ್ಲ ಮಾರಾಯ, ಬದಲಿ ಡ್ಯೂಟಿ ನಂದು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾಬರೂ ನಕ್ಕರು.

ಕಿಟ್ಟದಿಂದ ತಳ ತುಂಬಿತು. ಆದರೆ ಕಿಟ್ಟದಲ್ಲಿ ಸಸಿ ಬೇರು ಬಿಡುವುದಿಲ್ಲ, ಮೇಲೆ ಒಳ್ಳೆ ಮಣ್ಣು ಬೇಕು. ಇದ್ದದ್ದು ಒಂದೇ ಕಡೆ. ಭಟ್ಟಿಯ ಪಕ್ಕದಲ್ಲಿ, ಮುಂದಿನ ಇಟ್ಟಿಗೆಗೆಂದು ಬಿಸಿಲು ಮಳೆಗೆ ಹದವಾಗಲು ಬಿಟ್ಟಿದ್ದ ಮೆಕ್ಕಲಿನ ರಾಶಿ. ಹಳೆಯ ನೆರೆಗಳು ತಂದದ್ದರಲ್ಲಿ ಅವರ ಪಾಲಿಗೆ ಉಳಿದದ್ದು ಅದೊಂದೇ. ಅದನ್ನೇ ಹೇರು ಎಂದರು. ನಾನು ಎತ್ತಿನ ಹಗ್ಗ ಜಗ್ಗಿ ನಿಂತೆ.

"ಇದೂ ಹೋದ್ರೆ ಭಟ್ಟಿ ಗತಿ ಏನು ಸಾಬ್ರೇ?"

"ಆರುತ್ತೆ. ನೀನು ಹೇರು."

ನಾನು ಹೇರಿದೆ. ಸಾಬರು ಪಂಚೆ ಮೇಲಕ್ಕೆ ಕಟ್ಟಿ ಹೊಂಡಕ್ಕೆ ಇಳಿದರು. ಮಣ್ಣು ಹರಡಿ, ಹೆಂಟೆ ಒಡೆದು, ನೀರು ಬಿಟ್ಟು ತುಳಿದರು. ಇಟ್ಟಿಗೆಗೆ ತುಳಿಯುವ ಹಾಗೆಯೇ ತುಳಿಯುತ್ತಿದ್ದರು, ಹಿಮ್ಮಡಿಯಿಂದ, ನಿಧಾನವಾಗಿ... ಅಭ್ಯಾಸ ಬಲ.

ಮಾರನೆಯ ಮಳೆಗಾಲ ಯಜಮಾನರು ಅಲ್ಲಿ ನಾಟಿ ಮಾಡಿಸಿದರು. ಪೈರು ಮೊದಲಿನ ಎತ್ತರ ಬರಲಿಲ್ಲ, ಆದರೆ ತೆನೆ ಕಟ್ಟಿತು. ಹೊಸ ಅಕ್ಕಿಯನ್ನು ಯಜಮಾನರು ತಾವೇ ತಂದುಕೊಟ್ಟರು. ಸಾಬರು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದರು. ಅದಾದ ಕೆಲವೇ ದಿನಕ್ಕೆ ಭಟ್ಟಿ ಕೆಡವಿ, ಆಯನೂರಿನಲ್ಲಿ ಭಾವಮೈದುನನ ಅಂಗಡಿಗೆ ಹೊರಟರು. ಅವರ ಸಾಮಾನು ಹೇರಿದ್ದೂ ನನ್ನ ಗಾಡಿಯೇ. ಅವರು ಅಲ್ಲೇ ತೀರಿಕೊಂಡರೆಂಬ ಸುದ್ದಿ ಸಾಗರದ ಕಡೆಯ ಬಸ್ಸಿನ ಡ್ರೈವರೊಬ್ಬರ ಬಾಯಿಂದ ನನಗೆ ಬಂದು ಮುಟ್ಟುವ ಹೊತ್ತಿಗೆ ಬಹಳ ತಿಂಗಳಾಗಿತ್ತು.

ನಿನ್ನೆ ಮನಸ್ಸು ತಡೆಯದೆ ಭದ್ರಾವತಿಗೆ ಹೋಗಿದ್ದೆ. ಗದ್ದೆಯಿದ್ದಲ್ಲಿ ಈಗ ಮನೆಗಳು. ಆ ಹೊಂಡವಿದ್ದ ಜಾಗದ ಒಂದು ಮನೆಯ ಕಾಂಪೌಂಡಿನೊಳಗೆ ಹೆಂಗಸೊಬ್ಬರು ಕರಿಬೇವಿನ ಗಿಡಕ್ಕೆ ಗುಂಡಿ ತೋಡುತ್ತಿದ್ದರು. ನಾನು ನಿಂತು ನೋಡುವುದನ್ನು ಕಂಡು, "ಏನು ನೆಟ್ರೂ ಬರುತ್ತೆ ತಾತ, ಹೊಳೆ ತಂದು ಹಾಕಿದ ಮಣ್ಣು ಇದು" ಎಂದರು.

"ಅಲ್ಲಮ್ಮ, ಒಬ್ಬ ಮನುಷ್ಯ ಹಾಕಿದ್ದು" ಎಂದೆ. ಆಕೆ ನಕ್ಕು ಮತ್ತೆ ಗುಂಡಿಗೆ ಬಗ್ಗಿದರು. ನಂಬಲಿಲ್ಲ.

ಬಸ್ಸಿನಲ್ಲಿ ಕೂತಾಗ ನನಗೂ ನಗು ಬಂತು. ಸಾಬರ ಕೆಲಸ ಇವತ್ತು ಹೊಳೆಯದಾಗಿ ಹೋಗಿದೆ. ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ... ಹೇಳೋಣವೆಂದರೆ, ಆ ಗಾಡಿಯ ಹಿಂದೆ ಹೆಗಲು ಕೊಟ್ಟವರು ಯಾರೆಂದು ಬಲ್ಲವರೂ ನನ್ನನ್ನು ಬಿಟ್ಟರೆ ಈಗ ಉಳಿದಿಲ್ಲ.