ಗಾಡಿಗೆ ಪವರ್ ಬಂತು, ಬ್ರೇಕ್?

"ಸರ್, ಸ್ಟೇಜ್ ಒನ್ ಸಾಕಾ, ಸ್ಟೇಜ್ ಟೂ ಮಾಡ್ಲಾ?"

ಮೈಸೂರಿನ ಒಂದು ಎಂಜಿನ್ ಟ್ಯೂನಿಂಗ್ ಅಂಗಡಿಯವನು ಕೇಳಿದ್ದು ನನ್ನ ಗಂಡನನ್ನು. ಪಿಕಪ್ ನನ್ನದು. ಹುಣಸೂರಿನಿಂದ ಓಡಿಸಿಕೊಂಡು ಹೋದವಳೂ ನಾನೇ. ನನ್ನ ಗಂಡನಿಗೆ ಡ್ರೈವಿಂಗೇ ಬರುವುದಿಲ್ಲ. (ಸ್ಕೂಟರ್ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ.) ಪಾಪ, ಅವರು ನನ್ನ ಮುಖ ನೋಡಿದರು. "ಸ್ಟೇಜ್ ಒನ್ ಸಾಕು" ಅಂದೆ.

ಹುಣಸೂರಿನಲ್ಲಿ ನಮ್ಮದೊಂದು ಸಸಿ ನರ್ಸರಿ ಇದೆ. ಮಾವು, ಸಪೋಟ, ತೆಂಗಿನ ಸಸಿ ತುಂಬಿಕೊಂಡು ವಾರಕ್ಕೆರಡು ಸಲ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೋಗುತ್ತೇನೆ. ಮೂರು ತಿಂಗಳಿಂದ ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದೂ ಹೊಡೆದೂ ತಲೆ ಕೆಡಿಸಿದ್ದರು. ಪವರ್ ಹೆಚ್ಚಿಸಬೇಕು ಅನ್ನಿಸಿತು. ಮೊಬೈಲಿನಲ್ಲಿ ಹುಡುಕಿದೆ. ರೀಮ್ಯಾಪ್, ದೊಡ್ಡ ಟರ್ಬೊ, ಫ್ರೀ ಫ್ಲೋ ಸೈಲೆನ್ಸರ್. ಪ್ರತಿ ವಿಡಿಯೊದಲ್ಲೂ ಕಪ್ಪು ಹೊಗೆ ಉಗುಳುತ್ತಾ ನುಗ್ಗುವ ಪಿಕಪ್. ಹಿಂದೆ ಬೈಕಿನಲ್ಲಿ ಬರುವವರು ಆ ಹೊಗೆ ಕುಡಿಯಬೇಕಲ್ಲ? ಅದನ್ನು ಯಾರೂ ತೋರಿಸುವುದಿಲ್ಲ.

ಎಷ್ಟು ಲೋಡ್ ಹಾಕ್ತೀರಿ, ಯಾವ ರಸ್ತೆ, ಬ್ರೇಕ್ ಹೇಗಿದೆ? ಒಂದನ್ನೂ ಆತ ಕೇಳಲಿಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿದ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಸೆಟ್ಟಿಂಗ್ ತುಂಬಿದ. (ಅದೇ ರೀಮ್ಯಾಪ್. ಅವನ ಲೆಕ್ಕದಲ್ಲಿ ಸ್ಟೇಜ್ ಒನ್ ಅಂದರೆ ಇಷ್ಟೇ.) "ಈಗ ನೋಡಿ ಸರ್, ರಾಕೆಟ್" ಅಂದ. ಮತ್ತೆ ಗಂಡನಿಗೇ.

ನಿಜ ಹೇಳ್ತೀನಿ, ವಾಪಸ್ ಬರುವಾಗ ನನಗೆ ಖುಷಿಯೇ ಆಯಿತು. ಕಾಲಿಟ್ಟರೆ ಸಾಕು, ಗಾಡಿ ಮುಂದಕ್ಕೆ ಹಾರುತ್ತಿತ್ತು.

ಐದನೇ ದಿನ. ಬೈಲಕುಪ್ಪೆ ದಾಟಿದ ಮೇಲೆ ಒಂದು ಹಳ್ಳಿ ರಸ್ತೆಯಲ್ಲಿ ಹೊಸದಾಗಿ ಹಾಕಿದ ಹಂಪ್. ಬಿಳಿ ಪಟ್ಟೆಯಿಲ್ಲ, ಬೋರ್ಡಿಲ್ಲ. ಮೊದಲೆಲ್ಲ ಅಲ್ಲಿ ನಲವತ್ತರಲ್ಲಿ ಹೋಗುತ್ತಿದ್ದೆ. ಆವತ್ತು ಎಪ್ಪತ್ತು. ಬ್ರೇಕ್ ತುಳಿದೆ. ಗಾಡಿ ನಿಲ್ಲಲಿಲ್ಲ, ಹಂಪ್ ಮೇಲೆ ಎಗರಿ ಬಿತ್ತು. ಹಿಂದೆ ಸಸಿಗಳ ನಡುವೆ ಕೂತಿದ್ದ ಕೆಂಪಮ್ಮ ಕಬ್ಬಿಣದ ಅಂಚಿಗೆ ಅಪ್ಪಳಿಸಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಕೆಂಪಮ್ಮ ಹನ್ನೊಂದು ವರ್ಷದಿಂದ ನಮ್ಮಲ್ಲಿ ಕಸಿ ಕಟ್ಟುವವಳು. ಅವಳು ಕಟ್ಟಿದ ಮಾವಿನ ಕಸಿ ಒಣಗುವುದೇ ಅಪರೂಪ. ಅಂಥ ಕೈ. ಆಸ್ಪತ್ರೆಯಲ್ಲಿ ಅದಕ್ಕೆ ಪ್ಲಾಸ್ಟರ್ ಹಾಕುವಾಗ ಅತ್ತವಳು ನಾನು, ಸಮಾಧಾನ ಮಾಡಿದವಳು ಅವಳು.

"ಅಳಬ್ಯಾಡಿ ಬುಡ್ರವ್ವ. ಗಾಡಿ ಸಂದಾಗೇ ಓಡ್ತದೆ. ನಿಲ್ಲಾಕಿಲ್ಲ, ಅಷ್ಟೆಯ."

ಗಾಡಿಯನ್ನು ಹುಣಸೂರಿನ ನಮ್ಮ ಹಳೆಯ ಮೆಕ್ಯಾನಿಕ್ ಸಿದ್ದಣ್ಣನ ಹತ್ತಿರ ಬಿಟ್ಟೆ. ಬಾನೆಟ್ ಎತ್ತಿ, ಏರ್ ಫಿಲ್ಟರ್ ತೆಗೆದು ನನ್ನ ಕೈಗಿಟ್ಟ. ಧೂಳು ಮೆತ್ತಿ ಹೆಂಟೆಯಂತಾಗಿತ್ತು. ಟರ್ಬೊದಿಂದ ಗಾಳಿ ಒಯ್ಯುವ ಪೈಪು ಬೇರೆ ಸೀಳಿತ್ತು. "ಪವರ್ ಇಲ್ಲೇ ಸೋರೋಯ್ತಿತ್ತು ಕಣಕ್ಕ. ಮೊದ್ಲೇ ನನ್ ತಾವ ಬರಬಾರ್ದಿತ್ತಾ?" ಅಂದ. ಆಮೇಲೆ ಹಿಂದಿನ ಚಕ್ರ ಬಿಚ್ಚಿದ. ಬ್ರೇಕ್ ಲೈನರ್ ಪೂರ್ತಿ ಸವೆದು ಹೋಗಿತ್ತು.

ರಿಪೇರಿ ಮುಗಿದ ಮಾರನೇ ದಿನ ಮೈಸೂರಿಗೆ ಒಬ್ಬಳೇ ಹೋದೆ. ನಡೆದದ್ದೆಲ್ಲ ಹೇಳಿ, "ಮೊದಲಿದ್ದಂಗೆ ಮಾಡಿಕೊಡು" ಅಂದೆ.

"ಬ್ರೇಕ್ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಮೇಡಂ" ಅಂದ. "ಸರ್ ಬಂದಿಲ್ವಾ?"

ಮೈಯೆಲ್ಲ ಉರಿದುಹೋಯಿತು. ಓಡಿಸುವುದು ನಿನ್ನ ಡಿಪಾರ್ಟ್‌ಮೆಂಟ್ ಆದರೆ ನಿಲ್ಲಿಸುವುದು ಯಾರದ್ದಪ್ಪಾ? ಒಂದು ಸಪೋಟ ಸಸಿ ಕೊಡುವಾಗಲೂ ನಾನು ಕೇಳುತ್ತೇನೆ, ಮಣ್ಣು ಯಾವುದು, ನೀರಿದೆಯಾ ಅಂತ. ಮನುಷ್ಯರು ಓಡಾಡುವ ರಸ್ತೆಗೆ ರಾಕೆಟ್ ಬಿಡುವವನಿಗೆ ಒಂದು ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲವೇ? ಇದನ್ನೆಲ್ಲ ಅಂಗಡಿ ತುಂಬ ಕೇಳಿಸುವ ಹಾಗೆ ಹೇಳಿದೆ. ಹಳೇ ಸೆಟ್ಟಿಂಗ್ ಹಾಕಿಸಿಕೊಂಡೇ ಹೊರಟೆ.

ಕೋಪ ಮಾತ್ರ ದಾರಿಯುದ್ದಕ್ಕೂ ಇಳಿಯಲಿಲ್ಲ. ಮನೆ ಹತ್ತಿರ ಬರುವ ಹೊತ್ತಿಗೆ ಅದು ಯಾರ ಮೇಲೆ ಅಂತ ಗೊತ್ತಾಯಿತು. ಎಪ್ಪತ್ತರಲ್ಲಿ ಓಡಿಸಿದವಳು ನಾನು. ಸರಕಿನ ಗಾಡಿಯ ಹಿಂದೆ ಜನರನ್ನು ಕೂರಿಸಬಾರದು ಅಂತ ಗೊತ್ತಿದ್ದವಳೂ ನಾನೇ. ಆವತ್ತು ನನ್ನ ಪಕ್ಕದ ಸೀಟಿನಲ್ಲಿ ಇದ್ದದ್ದು ಒಂದು ಹ್ಯಾಂಡ್‌ಬ್ಯಾಗು, ಒಂದು ನೀರಿನ ಬಾಟಲಿ.

ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ "ಮುಂದೆ ಬಾ ಕೆಂಪಮ್ಮ" ಅನ್ನಲು ನನಗೇನಾಗಿತ್ತು?