ಕೊಳದಕ್ಕ ಒಣಗಲಿಟ್ಟ ಬೇರುಗಳು

ನಮ್ಮ ಓಣಿಯಲ್ಲಿ ಕೊಳದಕ್ಕನ ಅತ್ತೆಯ ದನಿ ಕೇಳಿಸದ ಮನೆಗಳಿಗೆ ಬಾಡಿಗೆ ಹೆಚ್ಚು. ಆಕೆ ಕೆಮ್ಮಿದರೆ ಪಕ್ಕದ ಊರಿನ ಕಾಗೆಗಳು ಹಾರುತ್ತವೆ ಎನ್ನುವವರಿದ್ದಾರೆ. ನಾನು ಅಷ್ಟೆಲ್ಲ ಹೇಳುವುದಿಲ್ಲ. ಅರ್ಧ ದಾರಿಯ ತನಕದ ಕಾಗೆಗಳು ಮಾತ್ರ. ಅಂಥ ಗಂಟಲು ಕಟ್ಟಿಕೊಂಡಿದ್ದಾಗಲೇ ಈ ಅನಾಹುತ ನಡೆಯಿತು.

ದೊಡ್ಡ ಮನೆಗಳ ತೋಟದ ಕೊಳಗಳನ್ನು ಚೊಕ್ಕಟ ಮಾಡುವುದು ಕೊಳದಕ್ಕನ ಕಸುಬು. ನೀರಿನ ಐರಿಸ್ ಗಿಡಗಳು ಹೂಬಿಟ್ಟಾಗ ಯಾವುದು ಯಾವುದೆಂದು ನಿದ್ದೆಗಣ್ಣಲ್ಲೂ ಹೇಳಬಹುದು. ಹೂವಿಲ್ಲದಾಗ ಎಲ್ಲವೂ ಕತ್ತಿಯಂಥ ಎಲೆಗಳೇ. ಆಗ ಆಕೆ ಎಲೆಯ ಮೇಲೆ ಹೆಬ್ಬೆರಳು ಎಳೆಯುತ್ತಾಳೆ. ನಯವಾಗಿ ಜಾರಿದರೆ ಅದು ವರ್ಷವಿಡೀ ನೀರಲ್ಲಿ ನಿಲ್ಲುವ ಜಾತಿ. ನಟ್ಟನಡುವೆ ಉಬ್ಬಿದ ಏಣು ತಗುಲಿದರೆ ಚಳಿಗೆ ಮುಂಚೆ ಮೇಲೆತ್ತಬೇಕಾದದ್ದು, ಬಿಟ್ಟರೆ ಕೊಳೆಯುತ್ತದೆ. ಏಣಿನ ಜೊತೆಗೆ ಆಳೆತ್ತರವೂ ಇದ್ದರೆ ಹಳದಿ ಐರಿಸ್. ಅದು ಪುಂಡ, ಇಡೀ ಕೊಳವನ್ನೇ ನುಂಗುತ್ತದೆ. ಸಾಲದ್ದಕ್ಕೆ ಅದರ ಬೇರೂ ವಿಷ. ಇವುಗಳ ಮಧ್ಯೆ ವೇಷ ಹಾಕಿಕೊಂಡು ನಿಲ್ಲುವುದು ಬಜೆ. ಅದರ ಏಣು ಒಂದು ಪಕ್ಕಕ್ಕೆ ಸರಿದಿರುತ್ತದೆ, ಎಲೆ ಹಿಸುಕಿದರೆ ಘಮ್ಮೆನ್ನುತ್ತದೆ.

ಹಳದಿಯ ಬೇರನ್ನು ಹಸಿಯಾಗಿ ಎಸೆದರೆ ಚರಂಡಿಯಲ್ಲೂ ಸಂಸಾರ ಹೂಡುತ್ತದೆ. ಅದಕ್ಕೇ ಎಲೆ ಕತ್ತರಿಸಿ, ಬೇರನ್ನು ಮನೆಗೆ ತಂದು, ಅದು ಸಾಯುವ ತನಕ ತಾರಸಿಯ ಮೇಲೆ ಒಣಗಿಸಿ ಎಸೆಯುತ್ತಾಳೆ. ಬಜೆಯ ಬೇರು ಮಾತ್ರ ಅಡುಗೆಮನೆ ಕಿಟಕಿಯಲ್ಲಿ, ಅತ್ತೆಯ ಗಂಟಲಿಗೆಂದು. ಎಲೆ ಹೋದ ಮೇಲೆ ಎರಡೂ ಅವಳಿ ಮಕ್ಕಳಂತೆ; ಮೂಗಿಗೆ ಬಜೆಯ ಘಮ, ಕಣ್ಣಿಗೆ ಇಟ್ಟ ಜಾಗವೇ ಗುರುತು.

ಆ ಮಧ್ಯಾಹ್ನ ಆಕೆ ಬಂದು ನೋಡಿದರೆ ಕಿಟಕಿಯಲ್ಲಿ ಎರಡೂ ರಾಶಿ ಬೆರೆತು ಒಂದಾಗಿದ್ದವು.

“ಮಳೆ ಹನಿ ಬಿತ್ತು ಕಣೇ. ತಾರಸೀದನ್ನೂ ತಂದು ಇಲ್ಲೇ ಸುರಿದೆ,” ಎಂದ ಗಂಡ, ಶಭಾಷ್ ಅನ್ನಿಸಿಕೊಳ್ಳುವ ಮುಖ ಮಾಡಿಕೊಂಡು.

ಅತ್ತೆ ಕುಟ್ಟಾಣಿ ತೊಳೆಯುತ್ತಿದ್ದರು. ಕೊಳದಕ್ಕ ಅದನ್ನು ಕಸಿದುಕೊಂಡಳು.

“ಅತ್ತೆ, ಇದ್ರಲ್ಲಿ ಯಾವುದನ್ನ ಕುಟ್ಟಿ ಕುಡಿದ್ರಿ?”

ಅತ್ತೆ ಕೈ ಬೀಸಿದರು: ಯಾವುದೋ ಒಂದು.

ಕೊಳದಕ್ಕ ಕುಟ್ಟಾಣಿ ಮೂಸಿದಳು. ನೀರಲ್ಲಿ ನಿಂತು ನಿಂತು ನೆಗಡಿ, ಮೂಗು ಗೋಡೆಯಾಗಿತ್ತು. “ರೀ, ನೀವಾದ್ರೂ ಮೂಸಿ!”

“ಬಣ್ಣ ಬಳಿದೂ ಬಳಿದೂ ನನ್ನ ಮೂಗು ಯಾವತ್ತೋ ತೀರ್ಕೊಂಡಿದೆ. ಟರ್ಪೆಂಟೈನೂ ಒಂದೇ, ಮಲ್ಲಿಗೇನೂ ಒಂದೇ. ಅಲ್ಲಾ, ಒಂದು ಬೇರಿಗೆ ಇಷ್ಟು ಗಾಬರಿನಾ?”

“ಹಳದೀದಾದ್ರೆ ಹೊಟ್ಟೆ ಸುಟ್ಟುಹೋಗುತ್ತೆ! ಅತ್ತೆ, ಕುಟ್ಟೋವಾಗ ಘಮ ಬಂತಾ?”

ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡರು. ಹಣೆಯಲ್ಲಿ ಬೆವರು ಕಿತ್ತುಬಂತು, ಹಿಂದೆಯೇ ವಾಂತಿ.

ಬೇರುಗಳನ್ನು ಸೆರಗಿಗೆ ಬಾಚಿಕೊಂಡು, ಅತ್ತೆಯನ್ನು ಟ್ಯಾಕ್ಸಿಗೆ ಏರಿಸಿ ಕೊಳದಕ್ಕ ಗಂಡನ ಜೊತೆ ತಾನೂ ಹತ್ತಿದಳು. ಅತ್ತೆ ಉಳಿಯುತ್ತಾರೋ ಇಲ್ಲವೋ ಎಂಬ ಭಯ ಒಂದು ಕಡೆ. ಬಾಗಿಲಲ್ಲಿ ನಿಂತ ಓಣಿಯ ಹೆಂಗಸರ ಮುಖ ಇನ್ನೊಂದು ಕಡೆ. “ಸೊಸೆ ಬೇರು ಕುಟ್ಟಿ ಕೊಟ್ಟಳಂತೆ” ಎಂಬ ಮಾತು ಟ್ಯಾಕ್ಸಿಗಿಂತ ಮೊದಲೇ ಆಸ್ಪತ್ರೆ ಸೇರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರು ಬೇರು ನೋಡಿ ಹುಬ್ಬು ಗಂಟಿಕ್ಕಿದರು. “ಇದನ್ನ ಕೊಟ್ಟಿದ್ದು ಯಾರು?”

ಗಂಡ ನೆಲ ನೋಡಿದ. ಅತ್ತೆಯ ಬೆರಳು ಮೇಲೆದ್ದು ಸೊಸೆಯತ್ತ ತಿರುಗಿತು. ಅವಳು ಕಣ್ಣು ಮುಚ್ಚಿಕೊಂಡಳು.

“ಇವಳು… ಮುಟ್ಬೇಡಿ ಅಂದಿದ್ಲು,” ಅತ್ತೆಯ ದನಿ ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು. “ನಾನೇ ಹಟ ಮಾಡಿ ಕುಡಿದೆ.”

ತಾನಿಟ್ಟ ಹಾಲು ಉಕ್ಕಿದರೂ ತಪ್ಪು ಒಲೆಯದೇ ಎನ್ನುವ ಹೆಂಗಸು! ಮುಟ್ಟಬೇಡಿ ಎಂದು ಯಾರೂ ಅಂದಿರಲೇ ಇಲ್ಲ.

“ಉಳೀತಾರೆ ಅನ್ಸುತ್ತೆ. ಆದ್ರೆ ವಯಸ್ಸಾಗಿದೆ, ಈಗಲೇ ಏನೂ ಹೇಳೋಕಾಗಲ್ಲ,” ಎಂದರು ಡಾಕ್ಟರು.

ಹೊರಗೆ ಬಂದ ಕೊಳದಕ್ಕ ಬಾಗಿಲ ಬಳಿ ನೆಲದಲ್ಲೇ ಕೂತಳು.

“ಅಮ್ಮಾ, ದಾರಿಯಲ್ಲಿ ಕೂರ್ಬೇಡಿ,” ನರ್ಸ್ ಗದರಿದಳು.

ಒಳಗೆ ಮತ್ತೆ ಓಕರಿಕೆಯ ಸದ್ದು. ಕೊಳದಕ್ಕ ಎದ್ದು, ನರ್ಸಿನ ಕೈಯಲ್ಲಿದ್ದ ಬೋಗುಣಿಯನ್ನು ಕಿತ್ತುಕೊಂಡು ಒಳಗೆ ಓಡಿದಳು.