ಬೇವಿನ ಮರದ ತಂತಿಗೆ ಆಸ್ಟ್ರೇಲಿಯಾದ ಸಾಕ್ಷಿ

ನಮ್ಮ ಮನೆ ಕೂಡ್ಲಿಗಿ ಹತ್ತಿರದ ಕಾನಹೊಸಹಳ್ಳಿಯ ಕೊನೆಯ ಓಣಿಯಲ್ಲಿದೆ. ದೂರದವರೊಡನೆ ಮಾತಾಡುವ ನನ್ನ ಹವ್ಯಾಸಿ ರೇಡಿಯೊದ ತಂತಿ ಮಾಳಿಗೆಯ ಮೇಲಿನ ಕಬ್ಬಿಣದ ಪೈಪಿನಿಂದ ಹೊರಟು ಪಕ್ಕದ ಹಿತ್ತಲಿನ ಬೇವಿನ ಮರದಲ್ಲಿ ಕೊನೆಯಾಗುತ್ತದೆ. ಮರ ನನ್ನದಲ್ಲ, ಕುರಿ ಸಾಕುವ ಅಜ್ಜನದು. ಅಷ್ಟು ಎತ್ತರದ ಮರ ಓಣಿಯಲ್ಲಿ ಇನ್ನೊಂದಿಲ್ಲ.

ಅಜ್ಜ ಕುರಿಗಳಿಗೆ ಸೊಪ್ಪು ಎಳೆಯುವಾಗಲೆಲ್ಲ ದೋಟಿಯ ಕೊಕ್ಕೆಗೆ ನನ್ನ ತಂತಿ ಸಿಗುತ್ತಿತ್ತು. ಎರಡು ವರ್ಷ ಸಹಿಸಿದ. ಒಂದು ದಿನ ಬಾಗಿಲಿಗೇ ಬಂದ.

"ಯವ್ವಾ, ನಿನ್ನ ಪೆಟ್ಟಿಗಿಯೊಳಗ ಬರೇ ಗೊರ್ರ ಅಂತೈತಿ. ದೂರದ ದೇಶದೋರು ಮಾತಾಡ್ತಾರ ಅಂತೀ. ಐತವಾರ ಒಬ್ಬನ್ನ ನನಗ ಕೇಳಸು. ಇಲ್ಲಾಂದ್ರ ತಂತಿ ಬಿಚ್ಚಿ ನಿನ್ನ ಮಾಳಿಗಿ ಮ್ಯಾಲೆ ಒಗಿತೀನಿ."

ನನಗೆ ಧೈರ್ಯವಿತ್ತು. ಆಸ್ಟ್ರೇಲಿಯಾದಲ್ಲಿ ಕುರಿ ಸಾಕುವ ಮುದುಕನೊಬ್ಬ ರೇಡಿಯೊದಲ್ಲಿ ವಾರಕ್ಕೊಮ್ಮೆ ಸಿಗುತ್ತಿದ್ದ. ಪಕ್ಕದ ಅಜ್ಜನ ವಿಷಯ ತಿಳಿಸಿ, ಭಾನುವಾರ ನಮ್ಮ ಹನ್ನೊಂದೂವರೆಗೆ ಬರಲು ಅವನಿಗೆ ಹೇಳಿಟ್ಟೆ. ಈಚೆಗೆ ಸೂರ್ಯನ ಮೈಮೇಲೆ ಕಲೆಗಳು ಹೆಚ್ಚಾಗಿದ್ದರಿಂದ ಹಗಲಿನಲ್ಲಿ ದೂರದವರೂ ಪಕ್ಕದ ಮನೆಯವರಂತೆ ಕೇಳಿಸುತ್ತಿದ್ದರು. ನಮ್ಮ ಅಲೆಗಳು ಬಹು ಎತ್ತರದ ಗಾಳಿಯ ಪದರಕ್ಕೆ ಬಡಿದು ದೂರದೇಶದಲ್ಲಿ ಇಳಿಯುತ್ತವೆ. ಆ ಪದರವನ್ನು ಹದಮಾಡುವವನು ಸೂರ್ಯ. ರೊಟ್ಟಿಯ ಹಂಚಿನ ಹಾಗೆಯೇ: ಕಾಯದಿದ್ದರೆ ಉಬ್ಬುವುದಿಲ್ಲ, ಮಿತಿಮೀರಿ ಕಾದರೆ ಕರಕಲು.

ಭಾನುವಾರ ಹನ್ನೊಂದು ಗಂಟೆಗೆ ಜಪಾನಿನವರು ಪೆಟ್ಟಿಗೆಯಲ್ಲಿ ಸಂತೆ ನೆರೆದಂತೆ ಗಿಜಿಗುಟ್ಟುತ್ತಿದ್ದರು. ಅಜ್ಜ ಒಗೆದ ರುಮಾಲು ಸುತ್ತಿ, ಕಂಬಳಿ ಹೆಗಲಿಗೇರಿಸಿ ಬಂದು ಕುರ್ಚಿಯಲ್ಲಿ ಕುಳಿತ. ಕುಳಿತದ್ದೇ ತಡ, ಎಲ್ಲ ಕರಗಿಹೋಯಿತು. ಗೊರ್ರ ಸದ್ದೂ ಇಲ್ಲ. ಮೊಬೈಲಿನಲ್ಲಿ ಸೂರ್ಯನ ಸುದ್ದಿ ನೋಡಿದೆ. ಅಲ್ಲೊಂದು ದೊಡ್ಡ ಸ್ಫೋಟವಾಗಿ, ಬಿಸಿಲಿದ್ದ ಕಡೆಯಲ್ಲೆಲ್ಲ ಕೆಳಗಿನ ಪದರವೊಂದು ಅಲೆಗಳನ್ನು ನುಂಗುತ್ತಿತ್ತು.

"ಯಜ್ಜಾ, ಸೂರ್ಯನ ಮ್ಯಾಲೆ ಸ್ಫೋಟ ಆಗೈತಿ. ತಾಸೊತ್ತು ತಡಿ."

ಅಜ್ಜ ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು, ಮೇಲೆ ನೋಡಿ ಬಂದ.

"ದಿನಾ ಇದ್ದಂಗ ಅದಾನ. ಸಣ್ಣಾಂವಿದ್ದಾಗ ಕುರಿ ತಪ್ಪಿಸ್ಕೊಂಡ್ರ ನಾನೂ ತಪ್ಪು ಬಿಸಲಿನ ಮ್ಯಾಲೆ ಹಾಕ್ತಿದ್ದೆ. ನಮ್ಮಪ್ಪ ನಂಬ್ತಿದ್ದಿಲ್ಲ."

ಆದರೂ ಕಾಯುವುದು ಅವನ ಕಸುಬು. ಒಂದು ತಟ್ಟೆ ಮಂಡಕ್ಕಿ ಮುಗಿಸಿದ. ಎರಡನೇ ಚಹಾಕ್ಕೆ ಸಕ್ಕರೆ ಸಾಲದು ಎಂದ. ನಾನು ಒಳಗೆ ಕುದಿಯುತ್ತಲೇ ಬೇಳೆಗೆ ಒಗ್ಗರಣೆ ಹಾಕಿ ಬಂದೆ. ಹನ್ನೆರಡೂವರೆಗೆ ಗೊರ್ರ ಸದ್ದು ಮರಳಿತು; ಆ ಸದ್ದು ಅಷ್ಟು ಇಂಪೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅದರ ಹಿಂದೆಯೇ ಆಸ್ಟ್ರೇಲಿಯಾದ ಮುದುಕ ನನ್ನನ್ನು ಕೂಗುತ್ತಿದ್ದ. ಪಾಪ, ಅವನೂ ಕಾದಿದ್ದ.

ಅಜ್ಜ ಮುಂದಕ್ಕೆ ಬಾಗಿದ. "ಕುರಿ ಎಷ್ಟ ಅದಾವ ಕೇಳು."

ಪರವಾನಗಿ ಇರುವುದು ನನಗೆ, ಹಾಗಾಗಿ ನಾನೇ ಕೇಳಿದೆ. ಮೂರು ಸಾವಿರದ ನಾನೂರು ಎಂದು ಉತ್ತರ ಬಂತು. ಕನ್ನಡದಲ್ಲಿ ಹೇಳಿದೆ. ಅಜ್ಜ ಕಂಬಳಿ ಕೊಡವಿದ.

"ಸುಳ್ಳ. ಕುರಿ ಇಟ್ಟಾಂವ ಲೆಕ್ಕ ಬಾಯಿಬಿಟ್ಟು ಹೇಳ್ತಾನೇನು? ದೃಷ್ಟಿ ಆಗಂಗಿಲ್ಲ? ಇಂವ ಯಾವನೋ ಕೂಡ್ಲಿಗ್ಯಾಗ ಕುಂತು ಮಾತಾಡ್ತಾನ."

ಹೌದಲ್ಲ, ಇಷ್ಟು ವರ್ಷ ನೆರೆಯಲ್ಲಿದ್ದರೂ ಅಜ್ಜನ ಕುರಿ ಎಷ್ಟೆಂದು ನನಗೆ ತಿಳಿಯದು. ಕೇಳಿದರೆ "ಅದಾವ ಒಂದೀಟು" ಅನ್ನುತ್ತಿದ್ದ. ತಂತಿ ಹೋಯಿತೆಂದೇ ತಿಳಿದೆ.

"ರಾತ್ರಿ ಎಲ್ಲಿ ಮಲಗ್ತಾನ ಕೇಳು."

ಮನೆಯಲ್ಲಿ, ಮಂಚದ ಮೇಲೆ. ಕುರಿಗಳು ದೂರದ ಬಯಲಿನ ಬೇಲಿಯೊಳಗೆ. ಹೀಗೆಂದ ಅವನು, ನಿಮ್ಮ ಅಜ್ಜ ಎಲ್ಲಿ ಮಲಗುತ್ತಾನೆ ಎಂದು ಕೇಳಿದ. ಹಟ್ಟಿಯಲ್ಲಿ, ಕುರಿಗಳ ನಡುವೆ, ಎಂದೆ. ಅತ್ತ ಸ್ವಲ್ಪ ಹೊತ್ತು ಮೌನ. ಮತ್ತೆ ಸೂರ್ಯನೇ ಇರಬೇಕೆಂದು ಹೆದರಿದೆ. ಆಮೇಲೆ ಬಹಳ ಮರುಕದಿಂದ, "ಹೆಂಡತಿ ಹೊರಗೆ ಹಾಕಿದ್ದಾಳೆಯೇ?" ಎಂದ.

ಅಳುಕುತ್ತಲೇ ಅಜ್ಜನಿಗೆ ಹೇಳಿದೆ. ಅವನ ಹೆಗಲು ಕುಣಿಯತೊಡಗಿತು. ನಕ್ಕು ನಕ್ಕು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

"ಇಂವ ಖರೇನ ದೂರದಾಂವ ಬಿಡು. ಕೂಡ್ಲಿಗಿಯಾಂವ ಆಗಿದ್ರ ಇದನ್ನ ಕೇಳ್ತಿದ್ದಿಲ್ಲ."

ಎದ್ದು ಚಪ್ಪಲಿ ಮೆಟ್ಟಿದ. "ತಂತಿ ಇರ್ಲಿ. ಕುರಿ ಬಿಟ್ಟು ಮನ್ಯಾಗ ಮಲಗಬ್ಯಾಡ ಅಂತ ಅಂವಗ ಹೇಳು. ಬುದ್ಧಿ ಹೇಳೋರು ಯಾರೂ ಇಲ್ಲ ಅನಸ್ತೈತಿ."